ಕಟಾಫ್ ಅಂಕಲ್

ಸಿಇಟಿ ಫಲಿತಾಂಶ ಬಂದ ದಿನ ಸಂಜೆ ಮೈಸೂರಿನ ಕುವೆಂಪುನಗರದ ಆ ಮನೆಯ ಮುಂದೆ ಏಳೆಂಟು ಸ್ಕೂಟರು, ಒಂದೆರಡು ಕಾರು ನಿಂತಿರುತ್ತವೆ. ಗಂಡಸರು ಗೇಟಿನ ಹೊರಗೆ ಕೈಕಟ್ಟಿ ನಿಂತು ಪಿಸುಮಾತಾಡುತ್ತಾರೆ. ಹೆಂಗಸರು ಒಳಗೆ ಹೋಗಿ ಕಣ್ಣೊರೆಸಿಕೊಂಡು ಬರುತ್ತಾರೆ. ಬೀದಿಗೆ ಹೊಸದಾಗಿ ಬಾಡಿಗೆಗೆ ಬಂದವರು ನೋಡಿದರೆ ಹಾರ ತರಲು ಓಡಬೇಕು. ಓಡಿದ್ದೂ ಉಂಟು. ಒಳಗೆ ಹೋದರೆ ಮನೆಯ ಯಜಮಾನರು ವರಾಂಡದ ಬೆತ್ತದ ಕುರ್ಚಿಯಲ್ಲಿ, ಪಂಚೆ ಬನಿಯನ್ನಿನಲ್ಲಿ, ಗುಂಡುಕಲ್ಲಿನಂತೆ ಕೂತಿದ್ದಾರೆ. ಕನ್ನಡಕ ಮೂಗಿನ ತುದಿಯಲ್ಲಿದೆ. ತೊಡೆಯ ಮೇಲೆ ಉದ್ದನೆಯ ಲೆಡ್ಜರ್ ಪುಸ್ತಕ, ಅದರ ಮೇಲೆ ಅಡ್ಡಲಾಗಿ ಒಂದು ಸ್ಕೇಲು.

"ಕೆಟಗರಿ?" ಎಂದು ಕೇಳುತ್ತಾರೆ.

ಇವರೇ ಕಟಾಫ್ ಅಂಕಲ್. ಅಪ್ಪ ಅಮ್ಮ ಇಟ್ಟ ಹೆಸರು ಪಿಂಚಣಿ ಪುಸ್ತಕದಲ್ಲಿ ಭದ್ರವಾಗಿದೆ. ಬಡಾವಣೆಯಲ್ಲಿ ಅದನ್ನು ಬಲ್ಲವರು ಕೊರಿಯರ್ ಹುಡುಗ ಮತ್ತು ಅವರ ಹೆಂಡತಿ ಇಬ್ಬರೇ, ಹೆಂಡತಿ ಗಂಡನ ಹೆಸರು ಹೇಳುವವರಲ್ಲ. ರಾಷ್ಟ್ರೀಕೃತ ಬ್ಯಾಂಕೊಂದರಲ್ಲಿ ಮೂವತ್ತು ಚಿಲ್ಲರೆ ವರ್ಷ ಪರರ ಸಾಲದ ಅರ್ಜಿಗಳನ್ನು ತಿರುವಿಹಾಕಿ ನಿವೃತ್ತರಾದವರು. ಆ ಕಣ್ಣು ಹೋಗಿಲ್ಲ. ಹುಡುಗನ ಅಂಕಪಟ್ಟಿಯನ್ನು ಕೈಗೆ ತೆಗೆದುಕೊಂಡರೆ, ಇವನಿಗೆ ಕೊಟ್ಟದ್ದು ವಾಪಸ್ ಬರುತ್ತದೋ ಇಲ್ಲವೋ ಎಂಬ ಹಳೆಯ ಗುಮಾನಿ ಹುಬ್ಬಿನಲ್ಲಿ ಕಾಣಿಸುತ್ತದೆ.

ಇಂಥವರು ನಮ್ಮ ಬೀದಿಗೇ ಮೀಸಲಲ್ಲ. ಹುಬ್ಬಳ್ಳಿಯಲ್ಲಿ ಈ ಪಾತ್ರವನ್ನು ನಿವೃತ್ತ ಉಪನ್ಯಾಸಕರೊಬ್ಬರು ಮಾಡುತ್ತಿರಬಹುದು, ಶಿವಮೊಗ್ಗದಲ್ಲಿ ಎಲ್‌ಐಸಿ ಏಜೆಂಟರೊಬ್ಬರು, ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಅಸೋಸಿಯೇಷನ್ನಿನ ಮಾಜಿ ಕಾರ್ಯದರ್ಶಿ. ವರ್ಷದ ಉಳಿದ ಕಾಲ ಇವರ ಇರವೇ ಗೊತ್ತಾಗುವುದಿಲ್ಲ. ಏಪ್ರಿಲ್‌ನಲ್ಲಿ ಸಿಇಟಿ ಮುಗಿದು ಕೀ ಉತ್ತರ ಬಂದಿತೆಂದರೆ ಚಿಗುರುತ್ತಾರೆ, ಕೊನೆಯ ಸುತ್ತು ಮುಗಿಯುವವರೆಗೆ ಹಬ್ಬ. ಇವರು ಫೀಸು ತೆಗೆದುಕೊಳ್ಳುವುದಿಲ್ಲ, ಅದೇ ಇವರ ಅಧಿಕಾರದ ಮೂಲ. ಫಲಿತಾಂಶದ ಮಾರನೇ ದಿನದಿಂದ "ಸಾರ್, ಬೆಂಗಳೂರಿಂದ ಮಾತಾಡ್ತಿದ್ದೀವಿ, ಡೈರೆಕ್ಟ್ ಅಡ್ಮಿಷನ್" ಎಂದು ಫೋನ್ ಮಾಡುವವರೆಂದರೆ ನಮ್ಮ ಅಂಕಲ್‌ಗೆ ಮೈ ಉರಿ. "ನಿಮ್ಮ ನಂಬರ್ ಅವ್ರಿಗೆ ಕೊಟ್ಟೋರು ಯಾರು? ಮೊದಲು ಅದನ್ನ ಕೇಳಿ" ಎನ್ನುತ್ತಾರೆ. ಫೀಸಿಲ್ಲವೆಂದರೆ ಖರ್ಚಿಲ್ಲವೆಂದಲ್ಲ. ಬಂದವರಿಗೆಲ್ಲ ಫಿಲ್ಟರ್ ಕಾಫಿ ಆಗಬೇಕು. "ಊರ ಮಕ್ಕಳೆಲ್ಲ ಎಂಜಿನಿಯರ್ ಆಗೋಷ್ಟರಲ್ಲಿ ನಮ್ಮನೆ ಕಾಫಿಪುಡಿ ಡಬ್ಬ ಬರಿದಾಗಿರುತ್ತೆ" ಎಂದು ಅವರ ಹೆಂಡತಿ ನಮ್ಮ ಮನೆಯ ಕಾಂಪೌಂಡಿನ ಮೇಲಿಂದ ಹೇಳಿದ್ದಾರೆ. ಪಕ್ಕದ ಮನೆಯಲ್ಲಿರುವ ನನಗೆ ಈ ಹಬ್ಬದ ಕಾಲದ ಸದ್ದೆಲ್ಲ ಕೇಳುತ್ತದೆ, ಡಿಕಾಕ್ಷನ್ನಿನ ವಾಸನೆ ಸಮೇತ.

ಅಂಕಲ್‌ನ ಪ್ರಶ್ನೆಗಳಿಗೆ ಒಂದು ಕ್ರಮವಿದೆ. ಮೊದಲು ಕೆಟಗರಿ. ಆಮೇಲೆ ರ‍್ಯಾಂಕ್. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮವೇ? ಹಳ್ಳಿಯಲ್ಲಿ ಓದಿದ್ದೇ? ಕಲಬುರಗಿ ಕಡೆಯ ನೆಂಟರಾದರೆ 371(ಜೆ) ಮೀಸಲಾತಿ ಇದೆಯೇ? ಜಾತಿ ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರು ಸರಿಯಾಗಿದೆಯೇ, ಅದರಲ್ಲಿರುವ ಹೆಸರಿನ ಇನಿಷಿಯಲ್ ಹಿಂದಿದೆಯೋ ಮುಂದಿದೆಯೋ? ವೆರಿಫಿಕೇಷನ್ ಸ್ಲಿಪ್ ಬಂದಿದೆಯೇ? ಇಷ್ಟೆಲ್ಲ ಆದಮೇಲೆ ಬ್ರಾಂಚು, ಊರು, ಹಾಸ್ಟೆಲ್ಲು, ಅಪ್ಪನ ವರಮಾನ. ಮಗುವಿನ ಹೆಸರನ್ನು ಅವರು ಕೇಳಿದ್ದನ್ನು ನಾನಂತೂ ಕಂಡಿಲ್ಲ. ಅದು ಸೋಫಾದ ಹಿಂದೆ ಎಲ್ಲೋ ಮೊಬೈಲು ಒತ್ತುತ್ತ ನಿಂತಿರುತ್ತದೆ. ಲೆಡ್ಜರಿನಲ್ಲೂ ಹೆಸರಿರುವುದಿಲ್ಲ, "ಜಿಎಂ 11,400, ಹಾಲಿನ ಬೂತ್ ಪಕ್ಕದ ಮನೆ" ಎಂದಿರುತ್ತದೆ. ಎಷ್ಟೋ ಹುಡುಗರು ಇವತ್ತು ಅಮೆರಿಕದಲ್ಲಿ ದೊಡ್ಡ ಕೆಲಸದಲ್ಲಿದ್ದಾರೆ. ಅಂಕಲ್‌ನ ಪಾಲಿಗೆ ಅವರಿನ್ನೂ 2ಎ ಗ್ರಾಮೀಣ, ಏಳು ಸಾವಿರದ ಮುನ್ನೂರು.

ಆ ಲೆಡ್ಜರನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಪರೀಕ್ಷಾ ಪ್ರಾಧಿಕಾರ ಪ್ರತಿ ಸುತ್ತಿನ ನಂತರ ಹೊರಡಿಸುವ ಕಟಾಫ್ ಪಟ್ಟಿ ಇದೆಯಲ್ಲ, ಕಾಲೇಜಿಗೊಂದು ಪಟ್ಟಿ, ಅದರಲ್ಲಿ ಬ್ರಾಂಚಿಗೊಂದು ಸಾಲು, ಅಡ್ಡಡ್ಡ 1ಜಿ, 1ಕೆ, 1ಆರ್, 2ಎಜಿ, 2ಎಕೆ, 2ಎಆರ್ ಎಂದು ಹೊರಟು ಜಿಎಂ, ಜಿಎಂಕೆ, ಜಿಎಂಆರ್ ದಾಟಿ ಎಸ್‌ಟಿಆರ್‌ವರೆಗೆ ಮನೆಗಳು, ಸೀಟಿಲ್ಲದ ಕಡೆ ಎರಡು ಅಡ್ಡಗೆರೆ. ಸಾಮಾನ್ಯರು ಅದನ್ನು ಮೊಬೈಲಿನಲ್ಲಿ ತೆರೆದರೆ ಕಣ್ಣು ಕತ್ತಲೆ ಬರುತ್ತದೆ. ಅಂಕಲ್ ಅದನ್ನು ಮನೆ ಮನೆಯೂ ಕೈಯಾರೆ ಬರೆದಿಟ್ಟಿದ್ದಾರೆ. ನೀಲಿ ಶಾಯಿ ಮೊದಲ ಸುತ್ತು, ಹಸಿರು ಎರಡನೆಯದು, ಕೆಂಪು ಕೊನೆಯ ವಿಸ್ತರಿತ ಸುತ್ತು. ಪುಟದ ತಲೆಯಲ್ಲಿ ಕಾಲೇಜಿನ ಕೋಡು. ಕಾಲೇಜಿನ ಹೆಸರು ಬರೆದಿಲ್ಲ, ಬೇಕೂ ಇಲ್ಲ. ಒಂದು ಸಲ ಮದುವೆ ಊಟದ ಪಂಕ್ತಿಯಲ್ಲಿ ಎದುರಿನವರು ತಮ್ಮ ಅಳಿಯ ಓದಿದ ಕಾಲೇಜಿನ ಹೆಸರು ಹೇಳಿದಾಗ ಅಂಕಲ್ ಹೋಳಿಗೆ ಬಾಯಲ್ಲಿಟ್ಟುಕೊಂಡೇ ಅದರ ಕೋಡು ಹೇಳಿದ್ದರು. ಎದುರಿನವರು ಅದನ್ನು ಯಾವುದೋ ಕಾಯಿಲೆಯ ಹೆಸರೆಂದು ತಿಳಿದು ಕಂಗಾಲಾದರು.

ವಿದ್ಯೆಯಿಲ್ಲದ ವೈದ್ಯರೇನೂ ಅಲ್ಲ ಇವರು. ಆಪ್ಷನ್ ಎಂಟ್ರಿ ಎಂಬುದರ ಒಳಗುಟ್ಟನ್ನು ಇವರಷ್ಟು ಚೆನ್ನಾಗಿ ಬಿಡಿಸಿ ಹೇಳುವವರು ಕಡಿಮೆ. "ನೋಡಿ ಇವ್ರೆ, ಕಂಪ್ಯೂಟರ್ ಒಂದನೇ ರ‍್ಯಾಂಕಿನೋನಿಂದ ಶುರು ಮಾಡುತ್ತೆ. ನಿಮ್ಮ ಸರದಿ ಬಂದಾಗ ನಿಮ್ಮ ಪಟ್ಟಿಯನ್ನ ಮೇಲಿಂದ ಕೆಳಗೆ ಓದುತ್ತೆ. ಎಲ್ಲಿ ಸೀಟು ಉಳಿದಿದೆಯೋ ಅಲ್ಲಿ ನಿಲ್ಲುತ್ತೆ. ಅದಕ್ಕಿಂತ ಕೆಳಗೆ ನೀವು ಏನು ಬರೆದಿದ್ರೂ ಅದು ತಿರುಗಿ ನೋಡಲ್ಲ. ಹಾಗಾಗಿ ಸಿಗದೇ ಇರೋದನ್ನ ಮೇಲೆ ಬರೆದ್ರೆ ನಷ್ಟ ಇಲ್ಲ, ಬೇಡದೇ ಇರೋದನ್ನ ಮೇಲೆ ಬರೆದ್ರೆ ಸತ್ರಿ." ಇಷ್ಟು ಸರಳ. ಆದರೂ ಪ್ರತಿ ವರ್ಷ ಒಬ್ಬ ತಂದೆ, ದೊಡ್ಡ ಕಾಲೇಜನ್ನು ಮೊದಲು ಬರೆದರೆ ಸರ್ಕಾರಕ್ಕೆ ಸಿಟ್ಟು ಬಂದು ಚಿಕ್ಕದನ್ನೂ ಕೊಡದೇ ಹೋದೀತೆಂದು ಹೆದರಿ, ಯಾರಿಗೂ ಬೇಡದ ಕಾಲೇಜನ್ನು ಒಂದನೇ ನಂಬರಿನಲ್ಲಿ ಬರೆದು ಬರುತ್ತಾನೆ. ಅದು ಸಿಕ್ಕಿಯೂ ಸಿಗುತ್ತದೆ. ಆಮೇಲೆ ಅಂಕಲ್‌ನ ವರಾಂಡಕ್ಕೆ ಬಂದು ಕೂರುತ್ತಾನೆ.

ಈ ವಿದ್ಯೆ ಅವರಿಗೆ ಹತ್ತಿದ್ದು ಆನ್‌ಲೈನ್ ಬರುವ ಮುಂಚೆ. ಸಿಇಟಿ 1994ರಲ್ಲಿ ಶುರುವಾದ ಮೇಲೆ ಎಷ್ಟೋ ವರ್ಷ ಸೀಟು ಹಂಚಿಕೆ ಮುಖಾಮುಖಿ ನಡೆಯುತ್ತಿತ್ತು. ಡಿಡಿ ಮಾಡಿಸಿಕೊಂಡು ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಬೇಕು, ಪರದೆಯ ಮೇಲೆ ಸೀಟುಗಳು ಒಂದೊಂದಾಗಿ ಕರಗುವುದನ್ನು ನೋಡುತ್ತ ಕೂರಬೇಕು, ರ‍್ಯಾಂಕ್ ಕೂಗಿದಾಗ ಒಳಗೆ ಹೋಗಿ ಕ್ಷಣದಲ್ಲಿ ಹೇಳಿಬಿಡಬೇಕು. ಹೆಂಡತಿಯ ಅಣ್ಣನ ಮಗನ ಜತೆ ಹಾಗೆ ಹೋದ ಅಂಕಲ್, ಸರದಿ ಬರುವುದರೊಳಗೆ ಪಕ್ಕದಲ್ಲಿ ಕೂತಿದ್ದ ನಾಲ್ಕು ಕುಟುಂಬಗಳಿಗೆ ಸಲಹೆ ಕೊಟ್ಟಿದ್ದರಂತೆ. ಆ ಹುಡುಗನಿಗೆ ಸಿಕ್ಕ ಸೀಟು ಯಾವುದೆಂದು ಅವರಿಗೆ ಈಗ ನೆನಪಿಲ್ಲ. ಆ ನಾಲ್ಕು ಕುಟುಂಬಗಳಿಗೆ ಸಿಕ್ಕಿದ್ದು ಲೆಡ್ಜರಿನ ಮೊದಲ ಪುಟದಲ್ಲಿದೆ.

ಯುದ್ಧ ಕಂಡವರು ಗಾಯ ತೋರಿಸುವುದುಂಟು. ಅಂಕಲ್ ವರ್ಷಗಳನ್ನು ತೋರಿಸುತ್ತಾರೆ. 2021: ಕೋವಿಡ್ಡಿಗೆ ಪಿಯು ಪರೀಕ್ಷೆಯೇ ರದ್ದಾಗಿ ಸಿಇಟಿ ಅಂಕ ಒಂದರಿಂದಲೇ ರ‍್ಯಾಂಕ್ ಕೊಟ್ಟ ವರ್ಷ. 2022: ಹಿಂದಿನ ವರ್ಷದವರು ಮತ್ತೆ ಬರೆದಾಗ ಅವರ ಪಿಯು ಅಂಕ ಲೆಕ್ಕಕ್ಕಿಲ್ಲ ಎಂದದ್ದು ಹೈಕೋರ್ಟಿಗೆ ಹೋಗಿ, ಹೊಸ ಸೂತ್ರ ಬಂದು, ಎಲ್ಲರ ರ‍್ಯಾಂಕೂ ಮೇಲೆ ಕೆಳಗಾದ ವರ್ಷ. ಆ ತಿಂಗಳು ಅವರು ಲೆಡ್ಜರಿನ ಒಂದು ಇಡೀ ಅಧ್ಯಾಯ ಹೊಡೆದುಹಾಕಿ ಮತ್ತೆ ಬರೆದರು. 2024: ಪಠ್ಯದಲ್ಲಿಲ್ಲದ ಪ್ರಶ್ನೆಗಳು ಬಂದು 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದಲೇ ಕೈಬಿಟ್ಟ ವರ್ಷ. "ಮಕ್ಕಳು ಅಳ್ತಿದ್ರು ಸಾರ್" ಎಂದು ಯಾರಾದರೂ ಹೇಳಿದರೆ, "ಮಕ್ಕಳು ಬಿಡ್ರೀ, ಹಿಂದಿನ ವರ್ಷದ ಕಟಾಫ್ ಕೆಲಸಕ್ಕೇ ಬರಲಿಲ್ಲ" ಎಂದು ಅಂಕಲ್ ಕಣ್ಣು ತೇವ ಮಾಡಿಕೊಳ್ಳುತ್ತಾರೆ.

ಇನ್ನು ಕಾಲೇಜುಗಳ ವಿಚಾರ. ಕಾಲೇಜು ಹಳೆಯದಿದ್ದಷ್ಟೂ ಒಳ್ಳೆಯದು ಎಂಬುದು ಅಂಕಲ್‌ನ ನಂಬಿಕೆ. ಸರ್ ಎಂ.ವಿ. 1917ರಲ್ಲಿ ಆರಂಭಿಸಿದ ಯುವಿಸಿಇ, 1946ರಲ್ಲಿ ಹುಟ್ಟಿದ ನಮ್ಮ ಎನ್‌ಐಇ ಮತ್ತು ಬೆಂಗಳೂರಿನ ಬಿಎಂಎಸ್, ಅರವತ್ತರ ದಶಕದ ಮಂಡ್ಯದ ಪಿಇಎಸ್, ರಾಮಯ್ಯ, ಆರ್‌ವಿ, ನಮ್ಮ ಎಸ್‌ಜೆಸಿಇ: ಇವುಗಳನ್ನು ಹೇಳುವಾಗ ದನಿ ಮೆತ್ತಗಾಗುತ್ತದೆ. 1998ರಲ್ಲಿ ಬೆಳಗಾವಿಯ ವಿಟಿಯು ಬಂದ ಮೇಲೆ ಹುಟ್ಟಿದವನ್ನು "ಮಕ್ಕಳು" ಎನ್ನುತ್ತಾರೆ. ಹೊಸ ಕಾಲೇಜುಗಳ ಪುಸ್ತಿಕೆಯನ್ನು ಯಾರಾದರೂ ಮುಂದಿಟ್ಟರೆ ಮೊದಲು ಚಿತ್ರ ನೋಡುತ್ತಾರೆ. ಎಲ್ಲ ಪುಸ್ತಿಕೆಗಳಲ್ಲೂ ಒಂದೇ ಚಿತ್ರ: ಹುಲ್ಲುಹಾಸಿನ ಮೇಲೆ ನಾಲ್ಕು ವಿದ್ಯಾರ್ಥಿಗಳು ಒಂದೇ ಲ್ಯಾಪ್‌ಟಾಪ್ ನೋಡಿ ನಗುತ್ತಿದ್ದಾರೆ. "ಏನ್ ನೋಡಿ ನಗ್ತಿದ್ದಾರೆ ಹೇಳಿ ನೋಡೋಣ? ಫೀಸು" ಎಂದು ಪುಸ್ತಿಕೆಯನ್ನು ಕಾಫಿ ಲೋಟದ ಕೆಳಗೆ ಇಡುತ್ತಾರೆ. ನ್ಯಾಕ್ ಗ್ರೇಡು, ಎನ್‌ಬಿಎ, ಎನ್‌ಐಆರ್‌ಎಫ್ ಸ್ಥಾನ ಎಲ್ಲವೂ ಅವರಿಗೆ ಕರತಲಾಮಲಕ. ಆದರೂ ಕೊನೆಗೆ ತೂಗುವುದು ಬೇರೆ ತಕ್ಕಡಿಯಲ್ಲಿ. ಆ ಕಾಲೇಜಿನ ಲ್ಯಾಬಿನಲ್ಲಿ ಪಾಠ ಹೇಳುವವರು ಎಷ್ಟು ವರ್ಷದಿಂದ ಇದ್ದಾರೆ? ಗ್ರಂಥಾಲಯ ಸಂಜೆ ಎಷ್ಟು ಗಂಟೆಗೆ ಬಾಗಿಲು ಹಾಕುತ್ತದೆ? ಇವೆರಡಕ್ಕೆ ಉತ್ತರ ಗೊತ್ತಿದ್ದ ತಂದೆಯನ್ನು ಅವರು ಇನ್ನೂ ಭೇಟಿಯಾಗಿಲ್ಲ. ಪ್ಯಾಕೇಜ್ ಎಷ್ಟು ಲಕ್ಷ ಎಂಬುದು ಎಲ್ಲರಿಗೂ ಗೊತ್ತು. ಆ ಪ್ಯಾಕೇಜು ಒಬ್ಬನಿಗೆ ಬಂದದ್ದೋ ಎಲ್ಲರಿಗೆ ಬಂದದ್ದೋ ಎಂದು ಕೇಳಿದರೆ ತಂದೆಗೆ ಸೆಖೆಯಾಗುತ್ತದೆ.

ನನಗೆ ಇವರ ಮೇಲೆ ಗೌರವ ಹುಟ್ಟಿದ್ದು ಒಂದು ಮಾತಿನಿಂದ. ಯಾರೋ ಅಂಗಡಿ ಮಾಲೀಕರು "ಸಿಇಟಿ ಸೀಟು ಸಿಗದಿದ್ರೆ ಕಾಮೆಡ್‌-ಕೆ, ಅದೂ ಇಲ್ದಿದ್ರೆ ಮ್ಯಾನೇಜ್‌ಮೆಂಟ್, ಬಿಡಿ ಸಾರ್, ಹೇಗೂ ಕೊಡ್ತೀನಿ" ಎಂದರು. ಅಂಕಲ್ ಅವರನ್ನು ನೋಡಿ, "ಕೊಡಿ. ಆದ್ರೆ ಒಂದು ತಿಳ್ಕೊಳ್ಳಿ, ಮೂರು ದಾರೀಲಿ ಬಂದೋರೂ ಕೂರೋದು ಒಂದೇ ಬೆಂಚ್ ಮೇಲೆ. ಮೇಷ್ಟ್ರು ಒಬ್ರೇ, ಬೋರ್ಡ್ ಒಂದೇ. ದರ ಮಾತ್ರ ಮೂರು. ಥೇಟ್ರಲ್ಲಾದ್ರೆ ಬಾಲ್ಕನಿ ಅಂತ ಬೇರೆ ಇರುತ್ತೆ" ಎಂದರು. ಕ್ಯಾಪಿಟೇಷನ್ ನಿಷೇಧದ ಕಾಯ್ದೆ ಬಂದದ್ದು 1984ರಲ್ಲಿ ಎಂದೂ ಸೇರಿಸಿ, ಕಾಫಿ ಕುಡಿದು, ಆ ವಿಷಯದಲ್ಲಿ ಮತ್ತೇನೂ ಹೇಳದೆ ಸುಮ್ಮನಾದರು. ಬ್ಯಾಂಕಿನವರ ಮೌನ ಅದು.

ಬ್ರಾಂಚಿನ ಮಾತು ಬಂದರೆ ಮಾತ್ರ ಅವರು ಕಾಲಕ್ಕೆ ತಲೆಬಾಗಿದವರು. ಒಂದು ಕಾಲಕ್ಕೆ ಎಲೆಕ್ಟ್ರಾನಿಕ್ಸ್ ದೊರೆಯಾಗಿತ್ತು. ಕಂಪ್ಯೂಟರ್ ಸಿಂಹಾಸನ ಏರಿ ಇಳಿಯಲೊಲ್ಲದು, ಈಗಂತೂ ಅದಕ್ಕೆ ಬ್ರಾಕೆಟ್ಟುಗಳ ಪರಿವಾರ: ಕಂಪ್ಯೂಟರ್ ಸೈನ್ಸ್ ಬರೆದು ಬ್ರಾಕೆಟ್ಟಿನಲ್ಲಿ ಎಐ ಎಂಎಲ್, ಬ್ರಾಕೆಟ್ಟಿನಲ್ಲಿ ಡೇಟಾ ಸೈನ್ಸ್, ಬ್ರಾಕೆಟ್ಟಿನಲ್ಲಿ ಸೈಬರ್ ಸೆಕ್ಯುರಿಟಿ, ಇನ್ನೊಂದರಲ್ಲಿ ಐಒಟಿ ಜತೆಗೆ ಬ್ಲಾಕ್‌ಚೈನ್. "ಬ್ರಾಕೆಟ್ ಒಳಗೆ ಏನು ಕಲಿಸ್ತಾರೆ ಅಂಕಲ್?" ಎಂದು ಒಬ್ಬ ಹುಡುಗ ಕೇಳಿದ್ದಕ್ಕೆ, "ಮೊದಲ ವರ್ಷ ಎಲ್ರಿಗೂ ಒಂದೇ ಕಣಪ್ಪ, ಫಿಸಿಕ್ಸು, ಮ್ಯಾತ್ಸು. ನೀನು ಬ್ರಾಕೆಟ್ ಹತ್ರ ಹೋಗೋಷ್ಟರಲ್ಲಿ ಅದು ಬೇರೆ ಆಗಿರುತ್ತೆ" ಎಂದರು. ಈ ಉತ್ತರವನ್ನು ಅವರು ತಮಾಷೆಗೆ ಹೇಳಲಿಲ್ಲ.

ಅವರ ಸ್ವಂತ ಕಾಲೇಜು ಆಯ್ಕೆಯ ಕಥೆ ಬಲು ಚಿಕ್ಕದು. ಎಪ್ಪತ್ತರ ದಶಕದ ಮೈಸೂರು. ಆರ್ಟ್ಸ್ ಓದುವವರು ಮಹಾರಾಜ, ಸೈನ್ಸ್ ಓದುವವರು ಯುವರಾಜ, ಹೆಣ್ಣುಮಕ್ಕಳು ಮಹಾರಾಣಿ, ಇಡೀ ಅರಮನೆಯೇ ಊರಿನಲ್ಲಿತ್ತು. ಅವರಪ್ಪ ಸಂಜೆ ಕಚೇರಿಯಿಂದ ಬಂದು ಶರ್ಟು ಬಿಚ್ಚುತ್ತ "ಯುವರಾಜಾಕ್ಕೆ ಸೇರ್ಕೊ, ನಡೆದುಕೊಂಡೇ ಹೋಗಬಹುದು" ಎಂದರು. ಅಷ್ಟೇ. ಮಾಕ್ ಅಲಾಟ್‌ಮೆಂಟ್ ಇಲ್ಲ, ಎರಡನೇ ಸುತ್ತಿಲ್ಲ, ತಾಯಿ ಅಳಲಿಲ್ಲ, ಕಾಫಿಯೂ ಆಗಲಿಲ್ಲ. ಬಿಎಸ್ಸಿ ಮಾಡಿದರು, ಬ್ಯಾಂಕಿನ ಪರೀಕ್ಷೆ ಬರೆದರು. ಆಯ್ಕೆಯೇ ಇಲ್ಲದೆ ಬೆಳೆದವರು ಆಯ್ಕೆಗಳ ಲೆಡ್ಜರ್ ಹಿಡಿದು ಕೂತಿರುವುದರಲ್ಲಿ ಏನೋ ಒಂದು ಬಾಕಿ ವಸೂಲಿ ಇದೆ ಎಂದು ನನ್ನ ಅನುಮಾನ.

ಇಷ್ಟಾದರೂ ಅವರ ಸಲಹೆಯನ್ನು ಅಕ್ಷರಶಃ ಪಾಲಿಸಿದವರು ಕಡಿಮೆ. ಜನ ಅಲ್ಲಿಗೆ ಬರುವುದು ತೀರ್ಮಾನ ಮಾಡಿಕೊಂಡೇ. "ಬೆಂಗಳೂರೇ ಸರಿ ಅಲ್ವಾ ಸಾರ್?" ಎಂದು ಒಬ್ಬರು, "ಹೆಣ್ಣುಮಗು, ಮೈಸೂರೇ ಸಾಕು ಅಲ್ವಾ ಸಾರ್?" ಎಂದು ಇನ್ನೊಬ್ಬರು. ಎರಡಕ್ಕೂ ಅಂಕಲ್ ಹೂಂ ಎನ್ನುತ್ತಾರೆ. ಮುಂದೆ ಕೆಟ್ಟರೆ "ಅವರು ಹೇಳಿದ್ದಕ್ಕೆ ಹಾಕಿದ್ವಿ" ಎನ್ನಲು ಒಬ್ಬರು ಬೇಕು. ಹದಿನೆಂಟು ವರ್ಷದ ಮಗುವಿನ ಬದುಕಿನ ಮೇಲೆ ಒಂಟಿಯಾಗಿ ರುಜು ಹಾಕುವ ಎದೆ ಯಾವ ಅಪ್ಪನಿಗಿದೆ? ಜಾಮೀನುದಾರರ ಸಹಿಯ ಬೆಲೆ ಬ್ಯಾಂಕಿನವರಿಗೆ ಗೊತ್ತು. ಹಾಕಿಬಿಡುತ್ತಾರೆ.

ಮೊದಲ ಸುತ್ತಿನ ಫಲಿತಾಂಶದ ರಾತ್ರಿ ಅವರ ಪೂರ್ಣಕಲೆ ಕಾಣಬೇಕು. ಸೀಟು ಬಂದವರ ಮುಂದೆ ನಾಲ್ಕು ದಾರಿ. ಪ್ರಾಧಿಕಾರ ಅದನ್ನು ನಾಲ್ಕು ಚಾಯ್ಸ್ ಎಂದು ಒಣಒಣವಾಗಿ ಬರೆದಿರುತ್ತದೆ. ಅಂಕಲ್‌ನ ಭಾಷ್ಯ ಹೀಗೆ: "ಒಂದು ಅಂದ್ರೆ, ಸಾಕಪ್ಪ ದೇವ್ರೇ, ಫೀಸು ಕಟ್ಟಿ ಸೇರ್ತೀನಿ. ಎರಡು ಅಂದ್ರೆ, ಇದೂ ಇರಲಿ, ಮುಂದಿನ ಸುತ್ತಲ್ಲಿ ಇನ್ನೂ ಒಳ್ಳೇದು ಬಂದ್ರೆ ಅದು. ಮೂರು ಅಂದ್ರೆ, ಇದು ಬೇಡ, ಮುಂದಿಂದು ನೋಡ್ತೀನಿ. ನಾಲ್ಕು ಅಂದ್ರೆ, ನಿಮ್ಮ ಸಹವಾಸವೇ ಬೇಡ, ನಮಸ್ಕಾರ." ಮೈಸೂರಿನವರು ಎರಡನ್ನೇ ಒತ್ತುತ್ತಾರೆ, ಅದು ಊರಿನ ಗುಣ. ಎರಡು ಒತ್ತಿ, ಮುಂದಿನ ಸುತ್ತಿನಲ್ಲಿ ಪಟ್ಟಿಯ ಮೇಲಿನದು ಸಿಕ್ಕಿ, ಹಳೆಯದು ತಾನಾಗಿ ಬೇರೆಯವರ ಪಾಲಾದಾಗ "ಅಯ್ಯೋ, ಅದೇ ಚೆನ್ನಾಗಿತ್ತು" ಎಂದು ಕೊರಗುವುದೂ ಊರಿನ ಗುಣವೇ.

ಹೀಗೆ ಸುಗಮವಾಗಿ ಸಾಗಿದ್ದ ಆಸ್ಥಾನಕ್ಕೆ ಒಂದು ವರ್ಷ ತಿ. ನರಸೀಪುರದ ಕಡೆಯಿಂದ ತಾಯಿ ಮಗಳು ಬಂದರು. ತಾಯಿ ಪ್ರಾಥಮಿಕ ಶಾಲೆಯ ಮೇಡಂ. ಅಂಕಲ್ ಪದ್ಧತಿಯ ಪ್ರಕಾರ ಕೇಳಿದರು. ಕೆಟಗರಿ ಹೇಳಿದರು, ಕನ್ನಡ ಮಾಧ್ಯಮ, ಗ್ರಾಮೀಣ ಎರಡೂ ಇತ್ತು. ರ‍್ಯಾಂಕ್ 2,300ರ ಆಸುಪಾಸು. ಅಂಕಲ್ ಬೆನ್ನು ನೆಟ್ಟಗಾಯಿತು. ಬನಿಯನ್ನಿನ ಮೇಲೆ ಶರ್ಟು ಬಂತು. ಒಳಗೆ ಕೂಗಿ ಕಾಫಿಗೆ ಹೇಳಿ, ಸ್ಕೇಲನ್ನು ಲೆಡ್ಜರಿನ ಅತ್ಯುತ್ತಮ ಪುಟಕ್ಕೆ ಜಾರಿಸಿ, "ಹೇಳಿ ಮೇಡಂ, ಕಂಪ್ಯೂಟರ್‌ನಲ್ಲಿ ಎಲ್ಲಿ ಬೇಕು? ಯುವಿಸಿಇಗೆ ಕೈ ಹಾಕಬಹುದು" ಎಂದರು.

ಸೋಫಾದ ಹಿಂದಿನಿಂದ ಧ್ವನಿ ಬಂತು. "ಸಿವಿಲ್ ಅಂಕಲ್."

"ಸಿವಿಲ್ ಸರ್ವಿಸಸ್ ಆಮೇಲೆ ಬರೀಬಹುದು ಕಣಮ್ಮ, ಡಿಗ್ರಿ ಆದ್ಮೇಲೆ."

"ಅಲ್ಲ ಅಂಕಲ್, ಸಿವಿಲ್ ಎಂಜಿನಿಯರಿಂಗ್."

ಅಂಕಲ್ ತಾಯಿಯ ಮುಖ ನೋಡಿದರು. ತಾಯಿ ನಿಟ್ಟುಸಿರು ಬಿಟ್ಟು, "ನಾನೂ ಹೇಳಿ ಸಾಕಾಯ್ತು ಸಾರ್. ನಮ್ಮನೆ ಕಟ್ಟುವಾಗ ಒಂಬತ್ತನೇ ಕ್ಲಾಸಲ್ಲಿದ್ಲು, ಕ್ಯೂರಿಂಗಿಗೆ ಸರಿಯಾಗಿ ನೀರು ಬಿಡ್ತಿಲ್ಲ ಅಂತ ಮೇಸ್ತ್ರಿ ಹತ್ರ ಜಗಳ. ಅವನು ಕೆಲಸ ಬಿಟ್ಟು ಹೋಗ್ತೀನಿ ಅಂದ" ಎಂದರು.

"ಕಂಪ್ಯೂಟರ್ ಯಾಕೆ ಬೇಡಮ್ಮ?"

"ಅದ್ರ ಮುಂದೆ ಕೂತ್ರೆ ನಿದ್ದೆ ಬರುತ್ತೆ ಅಂಕಲ್."

ಇಂಥ ಉತ್ತರವನ್ನು ಲೆಡ್ಜರಿನ ಯಾವ ಮನೆಯಲ್ಲಿ ಬರೆಯಬೇಕೋ ಅವರಿಗೆ ತಿಳಿಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೊನೆಯ ಅಸ್ತ್ರ ತೆಗೆದರು. "ಇಂಥ ರ‍್ಯಾಂಕ್ ಇಟ್ಕೊಂಡು ಸಿವಿಲ್ ತಗೊಂಡ್ರೆ ರ‍್ಯಾಂಕ್ ವೇಸ್ಟಾಗುತ್ತಲ್ಲಮ್ಮ."

"ಉಳಿದದ್ದನ್ನ ಬೇರೆ ಯಾರಿಗಾದ್ರೂ ಕೊಡಕ್ಕಾಗುತ್ತಾ ಅಂಕಲ್?"

"ಹಾಗೆಲ್ಲ ಆಗಲ್ಲ."

"ಮತ್ತೆ ಇಟ್ಕೊಂಡು ಏನ್ ಮಾಡ್ಲಿ?"

ಅಡಿಗೆಮನೆಯ ಬಾಗಿಲಲ್ಲಿ ಕಾಫಿ ತಟ್ಟೆ ಹಿಡಿದು ನಿಂತಿದ್ದ ಅವರ ಹೆಂಡತಿ ಕಿಸಕ್ಕನೆ ನಕ್ಕರು. ಅಂಕಲ್ ಲೆಡ್ಜರಿನಲ್ಲಿ ಯುವಿಸಿಇಯ ಪುಟ ತೆಗೆದು ಸಿವಿಲ್ಲಿನ ಸಾಲಿಗೆ ಸ್ಕೇಲು ಇಟ್ಟರು. ಸಾಲು ಖಾಲಿ. ಪುಟ ತಿರುವಿದರು, ಎನ್‌ಐಇಯದೂ ಖಾಲಿ. ಸಿವಿಲ್, ಮೆಕ್ಯಾನಿಕಲ್ ಕೇಳುವವರಿಲ್ಲವೆಂದು ಅವರು ಆ ಸಾಲುಗಳನ್ನು ತುಂಬುವುದನ್ನೇ ಎಂದೋ ಬಿಟ್ಟಿದ್ದರು. ಮೊಬೈಲು ತೆಗೆದು, ಕನ್ನಡಕ ಒರೆಸಿ, ಬೆರಳಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದರು. ಅಲ್ಲಿದ್ದ ಸಂಖ್ಯೆಗಳು ಇವಳ ರ‍್ಯಾಂಕಿನಿಂದ ಅದೆಷ್ಟು ಕೆಳಗಿದ್ದವೆಂದರೆ ಇನ್ನು ಕಟಾಫ್ ನೋಡುವ ಕೆಲಸವೇ ಇರಲಿಲ್ಲ. ಎಲ್ಲಿ ಕೇಳಿದರೂ ಸಿಗುತ್ತದೆ. ಅಂಕಲ್ ಮುಖ ಸಣ್ಣದಾಯಿತು. ಸಿಗುತ್ತೋ ಇಲ್ಲವೋ ಎಂಬ ಅನುಮಾನವೇ ಇಲ್ಲದಿದ್ದರೆ ಸಲಹೆ ಹೇಳುವುದಾದರೂ ಏನು?

"ಯುವಿಸಿಇ ಸಿವಿಲ್ ಒಂದೇ ಬರ್ಕೊಂಡ್ರೆ ಸಾಕಲ್ವಾ?" ಎಂದಳು ಹುಡುಗಿ.

"ಒಂದೇ ಒಂದು ಆಪ್ಷನ್ನಾ?" ಅಂಕಲ್ ಅರಚಿದರು. ಅವರ ಆಸ್ಥಾನದಲ್ಲಿ ಅರವತ್ತಕ್ಕಿಂತ ಕಡಿಮೆ ಯಾರೂ ಬರೆದವರಲ್ಲ, ನೂರೈವತ್ತು ದಾಟಿದವರೂ ಇದ್ದಾರೆ. ಗೋಗರೆದರು. ನೆಟ್‌ವರ್ಕ್ ಇಲ್ಲದ ಊರು, ಏನಾದರೂ ಆದೀತು, ಹತ್ತಾದರೂ ಇರಲಿ ಎಂದರು. ಹುಡುಗಿ ಅವರ ಮುಖ ನೋಡಿ ಎರಡನೆಯದಾಗಿ ಎನ್‌ಐಇ ಸಿವಿಲ್ ಬರೆದಳು. ಮೂರನೆಯದಾಗಿ ಏನೂ ಬರೆಯಲಿಲ್ಲ. ವಿಶ್ವೇಶ್ವರಯ್ಯನವರೂ ಸಿವಿಲ್ಲೇ ಅಲ್ಲವೇ, ಕನ್ನಂಬಾಡಿ ಕಟ್ಟಿದ್ದು ಯಾರು ಮತ್ತೆ, ಎಂದು ನಾನು ಕಾಂಪೌಂಡಿನ ಈಚೆಯಿಂದ ಬಾಯಿ ಹಾಕಿದೆ. ಅಂಕಲ್ ನನ್ನತ್ತ ಬೀರಿದ ನೋಟದಲ್ಲಿ, ಅವರೇನು ಸಿಇಟಿ ಬರೆದಿದ್ದರೇ ಎಂಬ ಪ್ರಶ್ನೆ ಇತ್ತು.

ಮಾಕ್ ಅಲಾಟ್‌ಮೆಂಟಿನಲ್ಲಿ ಯುವಿಸಿಇ ಸಿವಿಲ್ ಬಂತು. ಮೊದಲ ಸುತ್ತಿನಲ್ಲೂ ಅದೇ. ಹುಡುಗಿ ಚಾಯ್ಸ್ ಒಂದನ್ನು ಒತ್ತಿ, ಫೀಸು ಕಟ್ಟಿ, ಬೆಂಗಳೂರಿನ ಕೆ.ಆರ್. ವೃತ್ತಕ್ಕೆ ಹೊರಟುಹೋದಳು. ರಾತ್ರಿ ನಿದ್ದೆಗೆಡಲಿಲ್ಲ, ಎರಡನೇ ಸುತ್ತಿಗೆ ಕಾಯಲಿಲ್ಲ, ತಾಯಿ ಮಾತ್ರ ಮೈಸೂರುಪಾಕಿನ ಡಬ್ಬ ತಂದುಕೊಟ್ಟು ಕೈಮುಗಿದು ಹೋದರು. ಆ ವರ್ಷದ ಉಳಿದ ಸೀಸನ್ನು ಅಂಕಲ್‌ಗೆ ಸಪ್ಪೆಯಾಗಿತ್ತೆಂದು ಅವರ ಹೆಂಡತಿಯ ವರದಿ. ಮೈಸೂರುಪಾಕನ್ನು ಮಾತ್ರ ಒಬ್ಬರೇ ಮುಗಿಸಿದರಂತೆ.

ಮರುವರ್ಷ ವರಾಂಡದಲ್ಲಿ ಮತ್ತೆ ಜನ. ಲೆಡ್ಜರಿನಲ್ಲಿ ಸಿವಿಲ್ಲಿನ ಸಾಲುಗಳು ಭರ್ತಿಯಾಗಿದ್ದವು, ಮೂರೂ ಬಣ್ಣದಲ್ಲಿ. ಯುವಿಸಿಇಯ ಪುಟದಲ್ಲಿ ಒಂದು ಸಂಖ್ಯೆಯ ಸುತ್ತ ಕೆಂಪು ವೃತ್ತ ಬೇರೆ. ಅಂಕಲ್ ಅದರ ಮೇಲೆ ಬೆರಳಿಟ್ಟು ಎದುರಿಗಿದ್ದವರಿಗೆ ಹೇಳುತ್ತಿದ್ದರು: "ಸಿವಿಲ್ ವಾಪಸ್ ಬರ್ತಿದೆ ಇವ್ರೆ. ಹೋದ ವರ್ಷ ನಮ್ಮ ಹುಡುಗಿ ಒಬ್ಳು ಎರಡು ಸಾವಿರದ ರ‍್ಯಾಂಕ್ ಇಟ್ಕೊಂಡು ತಗೊಂಡ್ಲು. ನಾನೇ ಹೇಳಿ ಹಾಕಿಸಿದ್ದು."

ಎದುರಿಗಿದ್ದವರು ಗಾಬರಿಯಾಗಿ ಮಗನನ್ನೂ ಅಂಕಲ್‌ನನ್ನೂ ನೋಡಿದರು. "ಹಾಗಾದ್ರೆ ನಮ್ಮೋನಿಗೂ ಸಿವಿಲ್ಲೇ ಹಾಕ್ಬಿಡ್ಲಾ ಸಾರ್?"

"ಹಾಗೆಲ್ಲ ದುಡುಕಬಾರ್ದು. ಕೆಟಗರಿ?"

"ತ್ರೀ ಬಿ ಸಾರ್."

"ರ‍್ಯಾಂಕ್?"

"ಹದಿನಾಲ್ಕು ಸಾವಿರ."

ಅಂಕಲ್ ಬರೆದುಕೊಂಡರು. ಪೆನ್ನನ್ನು ಕಿವಿಯ ಮೇಲಿಟ್ಟರು. "ಕಂಪ್ಯೂಟರ್ ಮುಂದೆ ಕೂತ್ರೆ ಹುಡುಗನಿಗೆ ನಿದ್ದೆ ಬರುತ್ತಾ?"

"ಎಲ್ಲಿ ಸಾರ್, ರಾತ್ರಿ ಎರಡಾದ್ರೂ ಅದ್ರ ಮುಂದೇನೇ ಕೂತಿರ್ತಾನೆ, ಅದೇನೋ ಗೇಮು."

"ಹಾಗಾದ್ರೆ ಯೋಚನೆ ಬೇಡ, ಕಂಪ್ಯೂಟರ್ ಸೈನ್ಸೇ ಬರ್ಕೊಳ್ಳಿ" ಎಂದು ಅಂಕಲ್ ಸ್ಕೇಲನ್ನು ಕೆಳಕ್ಕೆ ಜಾರಿಸಿದರು. "ಬ್ರಾಕೆಟ್ ಯಾವುದು ಬೇಕು?"